ಪ್ರಭಾರ ವಹಿಸಿಕೊಳ್ಳುವಾಗ ಶಾಲೆಯ ಆಸ್ತಿಯನ್ನು ಎಣಿಸುವುದು ಹೇಗೆ?

ಪ್ರಶ್ನೆ: ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಪ್ರಭಾರ ಮುಖ್ಯ ಶಿಕ್ಷಕಿಯಾಗಿ ಈಚೆಗೆ ಅಧಿಕಾರ ವಹಿಸಿಕೊಂಡಿದ್ದೇನೆ. ಹಿಂದಿನವರು ನಿವೃತ್ತರಾಗಿದ್ದಾರೆ. ದಾಸ್ತಾನಿನ ಪ್ರಭಾರ ಪಟ್ಟಿಗೆ ನಾನಿನ್ನೂ ಸಹಿ ಹಾಕಿಲ್ಲ. ದಾಸ್ತಾನು ವಹಿಯಲ್ಲಿ 84 ಡೆಸ್ಕುಗಳಿವೆ ಎಂದಿದೆ, ತರಗತಿಗಳಲ್ಲಿ ಕಾಣುವುದು ಅರವತ್ತರ ಆಸುಪಾಸು. ಒಂದು ಕೊಠಡಿಯ ತುಂಬ ಮುರಿದ ಪೀಠೋಪಕರಣಗಳು ಮತ್ತು ಕೆಟ್ಟ ಕಂಪ್ಯೂಟರುಗಳಿವೆ. ಹಳೆಯ ವಿದ್ಯಾರ್ಥಿಗಳು ಕೊಟ್ಟ ಬೀರು, ಟಿ.ವಿ. ಮತ್ತು ನೀರಿನ ಫಿಲ್ಟರ್ ಯಾವ ವಹಿಯಲ್ಲೂ ಇಲ್ಲ. ಎಲ್ಲಿಂದ ಆರಂಭಿಸಬೇಕು? ಕೊರತೆಗೆ ನಾನು ಹೊಣೆಯಾಗುತ್ತೇನೆಯೇ? ಹಳೆಯ ವಹಿಯನ್ನು ಬದಿಗಿಟ್ಟು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದರೆ ಸಾಕೇ?

ಉತ್ತರ: ನೋಡದೆ ಸಹಿ ಹಾಕದಿರುವುದು ಸರಿಯಾದ ನಡೆ. ಆದರೆ ಸಹಿಯನ್ನು ತಿಂಗಳುಗಟ್ಟಲೆ ಮುಂದೂಡುವುದು ಸರಿಯಲ್ಲ. ಬೀಗದ ಕೈ ತಮ್ಮ ಬಳಿ ಇರುವಾಗ, ಕಾಲ ಕಳೆದಷ್ಟೂ ಯಾವ ಕೊರತೆ ಹಿಂದಿನದು, ಯಾವುದು ತಮ್ಮ ಅವಧಿಯದು ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಮೊದಲು ಎಣಿಕೆ ಮಾಡಿ, ಎಣಿಕೆಯಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಬರೆದು, ವಹಿಗೂ ಎಣಿಕೆಗೂ ಇರುವ ವ್ಯತ್ಯಾಸದ ಪಟ್ಟಿಯನ್ನು ಪ್ರಭಾರ ಪಟ್ಟಿಗೆ ಲಗತ್ತಿಸಿ, 'ಭೌತಿಕ ತಪಾಸಣೆಯಲ್ಲಿ ಕಂಡುಬಂದ ವಸ್ತುಗಳನ್ನು ಮಾತ್ರ ವಹಿಸಿಕೊಂಡಿದ್ದೇನೆ' ಎಂಬ ಷರಾದೊಂದಿಗೆ ದಿನಾಂಕ ನಮೂದಿಸಿ ಸಹಿ ಹಾಕಬೇಕು. ಅದರ ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ತಲುಪಬೇಕು ಮತ್ತು ತಲುಪಿದ್ದಕ್ಕೆ ಸ್ವೀಕೃತಿ ತಮ್ಮ ಕಡತದಲ್ಲಿರಬೇಕು. ಷರಾ ಇಲ್ಲದೆ ಸಹಿ ಹಾಕಿದರೆ ವಹಿಯಲ್ಲಿರುವ 84 ಡೆಸ್ಕುಗಳನ್ನೂ ತಾವು ಪಡೆದುಕೊಂಡಂತಾಗುತ್ತದೆ. ಮುಂದೆ ಲೆಕ್ಕ ತಪಾಸಣೆಯವರು ಬಂದಾಗ ಅವರು ಕೇಳುವುದು ತಮ್ಮನ್ನೇ.

ಶಾಲೆಗಳ ದಾಸ್ತಾನು ವಹಿಗಳನ್ನು ಬಹಳ ವರ್ಷ ನೋಡಿದ ಅನುಭವದ ಮೇಲೆ ಒಂದು ಮಾತನ್ನು ಮೊದಲೇ ಹೇಳುತ್ತೇನೆ. ವಹಿಗೂ ವಾಸ್ತವಕ್ಕೂ ಇರುವ ಅಂತರಕ್ಕೆ ಕಳ್ಳತನ ಕಾರಣವಾಗಿರುವುದು ಅಪರೂಪ. ವಸ್ತು ಬಂದಾಗ ಜಮಾ ಬರೆಯುತ್ತೇವೆ. ಮುರಿದಾಗ, ಕೆಟ್ಟಾಗ, ಬೇರೆಡೆಗೆ ಹೋದಾಗ ಖರ್ಚು ಬರೆಯುವುದಿಲ್ಲ. ವಿಲೇವಾರಿ ಎಂದರೆ ಶಿಕ್ಷಕರಿಗೆ ಭಯ. ಮುರಿದದ್ದನ್ನು ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ, ಹೊರಗೆ ಹಾಕಿದರೆ ಎಲ್ಲರೂ ಕೇಳುತ್ತಾರೆ ಎಂಬ ಲೆಕ್ಕಾಚಾರದಲ್ಲಿ ಒಂದು ಒಳ್ಳೆಯ ಕೊಠಡಿಯೇ ಬೀಗ ಹಾಕಿಕೊಂಡು ಕೂರುತ್ತದೆ, ಮಕ್ಕಳು ಜಗಲಿಯಲ್ಲಿ ಕೂತು ಪಾಠ ಕೇಳುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಿಕ್ಷಕರಿಗೂ ಕನಿಷ್ಠ ಒಂದು ತರಗತಿ ಕೊಠಡಿ ಇರಬೇಕು ಎಂದು ಹೇಳುತ್ತದೆ. ನಾವು ಆ ಕೊಠಡಿಯನ್ನು ಗುಜರಿಗೆ ಕೊಟ್ಟಿರುತ್ತೇವೆ. ತಮ್ಮ ಶಾಲೆಯ ಎಣಿಕೆಯ ಗುರಿ ವಹಿಯ ಅಂಕಿಯನ್ನು ಸರಿಪಡಿಸುವುದಷ್ಟೇ ಆಗಬಾರದು, ಆ ಕೊಠಡಿಯನ್ನು ಮಕ್ಕಳಿಗೆ ಬಿಡಿಸಿಕೊಡುವುದೂ ಆಗಬೇಕು.

ನಿಯಮಗಳ ವಿಚಾರವನ್ನು ಚುಟುಕಾಗಿ ನೋಡೋಣ. ರಾಜ್ಯದ ಸರ್ಕಾರಿ ಶಾಲೆಗಳಿಗೆ ಕರ್ನಾಟಕ ಆರ್ಥಿಕ ಸಂಹಿತೆ 1958 ಮತ್ತು ಇಲಾಖೆಯ ಸುತ್ತೋಲೆಗಳು ಅನ್ವಯಿಸುತ್ತವೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017 ನಮ್ಮ ಶಾಲೆಗಳನ್ನು ನೇರವಾಗಿ ಕಟ್ಟಿಹಾಕುವುದಿಲ್ಲವಾದರೂ, ದಾಸ್ತಾನಿನ ಬಗ್ಗೆ ಅವು ಹೇಳುವ ಕ್ರಮ ಸ್ಪಷ್ಟವಾಗಿದ್ದು ಮಾದರಿಯಾಗಿ ಇಟ್ಟುಕೊಳ್ಳಲು ಯೋಗ್ಯವಾಗಿದೆ. ಸ್ಥಿರವಾಗಿ ಉಳಿಯುವ ವಸ್ತುಗಳನ್ನೂ ಬಳಸಿ ಖಾಲಿಯಾಗುವ ವಸ್ತುಗಳನ್ನೂ ವರ್ಷಕ್ಕೆ ಒಂದು ಸಲವಾದರೂ ಭೌತಿಕವಾಗಿ ತಪಾಸಣೆ ಮಾಡಬೇಕು. ತಪಾಸಣೆ ಆ ವಸ್ತುಗಳ ಉಸ್ತುವಾರಿ ಹೊತ್ತವರ ಸಮಕ್ಷಮದಲ್ಲಿ ನಡೆಯಬೇಕು. ಫಲಿತಾಂಶವನ್ನು ವಹಿಯಲ್ಲಿಯೇ ದೃಢೀಕರಿಸಿ ಬರೆಯಬೇಕು. ಕೊರತೆ, ಹಾನಿ ಮತ್ತು ನಿರುಪಯುಕ್ತತೆಯನ್ನು ಕೂಡಲೇ ಮೇಲಧಿಕಾರಿಯ ಗಮನಕ್ಕೆ ತರಬೇಕು. ಆ ನಿಯಮಗಳು ಸ್ಥಿರ ವಸ್ತು, ಖಾಲಿಯಾಗುವ ವಸ್ತು ಮತ್ತು ಗ್ರಂಥಾಲಯದ ಪುಸ್ತಕಗಳಿಗಲ್ಲದೆ, ಐತಿಹಾಸಿಕ ಅಥವಾ ಕಲಾತ್ಮಕ ಮೌಲ್ಯದ ವಸ್ತುಗಳಿಗೂ ಪ್ರತ್ಯೇಕ ವಹಿಯ ನಮೂನೆ ಕೊಟ್ಟಿವೆ. ಈ ಕೊನೆಯದು ಮೈಸೂರು ಸೀಮೆಯ ಹಳೆಯ ಶಾಲೆಗಳಿಗೆ ಬಹಳ ಮುಖ್ಯ. ಅದಕ್ಕೆ ಮುಂದೆ ಬರುತ್ತೇನೆ.

ಎಣಿಕೆಯನ್ನು ವಹಿಯಿಂದ ಆರಂಭಿಸಬೇಡಿ, ಕೊಠಡಿಯಿಂದ ಆರಂಭಿಸಿ. ವಹಿಯನ್ನು ಕೈಯಲ್ಲಿ ಹಿಡಿದು 'ಡೆಸ್ಕು 84, ಎಲ್ಲಿವೆ ನೋಡಿ' ಎಂದು ಹೊರಟರೆ, ಎಣಿಸುವವರ ಮನಸ್ಸು ಆ ಅಂಕಿಯನ್ನು ತಲುಪಲು ದಾರಿ ಹುಡುಕುತ್ತದೆಯೇ ಹೊರತು ಕಣ್ಣೆದುರು ಇರುವುದನ್ನು ನೋಡುವುದಿಲ್ಲ. ವಹಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಇಬ್ಬರು ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಒಬ್ಬ ಸದಸ್ಯರು, ಅಂದರೆ ಎಸ್‌ಡಿಎಂಸಿಯ ಒಬ್ಬರು, ಖಾಲಿ ಹಾಳೆಗಳೊಂದಿಗೆ ಕೊಠಡಿಗೆ ಹೋಗಲಿ. ಆ ಕೊಠಡಿಯ ಉಸ್ತುವಾರಿ ಶಿಕ್ಷಕರು ಹಾಜರಿರಬೇಕು, ಆದರೆ ಎಣಿಸುವವರು ಅವರಾಗಬಾರದು. ಬಾಗಿಲಿನ ಎಡಗಡೆಯ ಮೂಲೆಯಿಂದ ಹೊರಟು ಗೋಡೆಗುಂಟ ಸುತ್ತಿ ಬಾಗಿಲಿಗೇ ಬಂದು ನಿಂತು, ನಂತರ ನಡುವಿನ ಸಾಲುಗಳನ್ನು ಎಣಿಸಿದರೆ ಏನೂ ಬಿಟ್ಟುಹೋಗುವುದಿಲ್ಲ. ಎಣಿಸಿದ ಪ್ರತಿಯೊಂದಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಎಣಿಕೆ ಮುಗಿಯುವ ತನಕ ಒಂದು ಕೊಠಡಿಯ ಕುರ್ಚಿ ಇನ್ನೊಂದು ಕೊಠಡಿಗೆ ಹೋಗಬಾರದು. ಸಭೆಗೆಂದು ನಾಲ್ಕು ಕುರ್ಚಿಗಳು ಹೋದರೆ ಎರಡು ಕಡೆಯೂ ಲೆಕ್ಕ ತಪ್ಪುತ್ತದೆ.

ಪ್ರತಿ ವಸ್ತುವಿನ ಮುಂದೆ ಮೂರು ಸ್ಥಿತಿಗಳಲ್ಲಿ ಒಂದನ್ನು ಬರೆಯಿರಿ: ಸುಸ್ಥಿತಿ, ದುರಸ್ತಿಗೆ ಯೋಗ್ಯ, ನಿರುಪಯುಕ್ತ. ಇದನ್ನು ಬಾಗಿಲಲ್ಲಿ ನಿಂತು ಬರೆಯಲಾಗದು. ಕಬ್ಬಿಣದ ಚೌಕಟ್ಟಿನ ಡೆಸ್ಕನ್ನು ತಿರುವಿ ಹಾಕಿ ನೋಡಬೇಕು. ಹಲಗೆ ಕಿತ್ತು ಬಂದಿದ್ದರೂ ಚೌಕಟ್ಟು ನೆಟ್ಟಗಿದ್ದರೆ ಅದು ದುರಸ್ತಿಗೆ ಯೋಗ್ಯ. ಕಾಲಿನ ಬೆಸುಗೆ ಬಿಟ್ಟಿದ್ದರೂ ಹೆಚ್ಚಿನ ಸಲ ಹಾಗೆಯೇ. ಆದರೆ ನೆಲಕ್ಕೆ ತಾಗುವ ಕೊಳವೆ ತುಕ್ಕು ಹಿಡಿದು ಬೆರಳಿನಿಂದ ಒತ್ತಿದರೆ ಕುಸಿಯುವಂತಿದ್ದರೆ ಅದಕ್ಕೆ ಬೆಸುಗೆ ನಿಲ್ಲುವುದಿಲ್ಲ. ಮರದ ಬೆಂಚಾದರೆ ಕೆಳಭಾಗದಲ್ಲಿ ಗೆದ್ದಲಿನ ಮಣ್ಣಿನ ಗೆರೆ ಇದೆಯೇ ನೋಡಿ, ಕಾಲನ್ನು ಗೆಣ್ಣಿನಿಂದ ತಟ್ಟಿ ಕೇಳಿ. ಒಳಗೆ ತಿಂದುಹೋಗಿದ್ದರೆ ಸದ್ದು ಪೊಳ್ಳಾಗಿರುತ್ತದೆ. ಕೆಲವು ಡೆಸ್ಕುಗಳ ಹಿಂದೆ ಯಾವ ಯೋಜನೆಯದು, ಯಾವ ವರ್ಷದ್ದು ಎಂದು ಬಣ್ಣದಲ್ಲಿ ಬರೆದಿರುತ್ತಾರೆ. ಅದನ್ನು ಇದ್ದ ಹಾಗೆಯೇ ಹಾಳೆಗೆ ಇಳಿಸಿಕೊಳ್ಳಿ. ಮುಂದೆ ವಹಿಯ ಯಾವ ಜಮಾಕ್ಕೆ ಇದು ಸೇರಿದ್ದು ಎಂದು ಹುಡುಕುವಾಗ ಅದೊಂದೇ ಸುಳಿವಾಗಿ ಉಳಿದಿರಬಹುದು. ಕೊನೆಗೆ ಪ್ರತಿ ಕೊಠಡಿಯ ಎರಡು ಎದುರು ಮೂಲೆಗಳಿಂದ ಫೋನಿನಲ್ಲಿ ಚಿತ್ರ ತೆಗೆದು, ಹಾಳೆಗೆ ಹಾಜರಿದ್ದ ಎಲ್ಲರ ಸಹಿ ಪಡೆಯಿರಿ.

ಇಷ್ಟಾದ ಮೇಲೆ ವಹಿಯನ್ನು ತೆರೆಯಿರಿ. ಈಗ ಹೋಲಿಕೆ ಎರಡೂ ದಿಕ್ಕಿನಿಂದ ನಡೆಯಬೇಕು. ವಹಿಯಲ್ಲಿದ್ದು ಕೊಠಡಿಯಲ್ಲಿ ಇಲ್ಲದವು ಯಾವುವು ಎಂದು ಎಲ್ಲರೂ ನೋಡುತ್ತಾರೆ. ಕೊಠಡಿಯಲ್ಲಿದ್ದು ವಹಿಯಲ್ಲಿ ಇಲ್ಲದವು ಯಾವುವು ಎಂಬುದನ್ನು ನೋಡುವವರು ಕಡಿಮೆ. ತಮ್ಮ ಬೀರು, ಟಿ.ವಿ., ಫಿಲ್ಟರ್ ಈ ಎರಡನೆಯ ಪಟ್ಟಿಗೆ ಸೇರಿದವು. ಇಂಥ ವಸ್ತು ನಾಳೆ ಕಾಣೆಯಾದರೆ ದೂರು ಕೊಡಲು ಕೂಡ ಶಾಲೆಯ ಬಳಿ ಆಧಾರ ಇರುವುದಿಲ್ಲ.

ಕಾಣದ ಸುಮಾರು ಇಪ್ಪತ್ತನಾಲ್ಕು ಡೆಸ್ಕುಗಳ ವಿಚಾರಕ್ಕೆ ಬರೋಣ. ಮೊದಲು ಅಳತೆಯ ಘಟಕವನ್ನು ಪರೀಕ್ಷಿಸಿ. ಒಂದು ಜಮಾದಲ್ಲಿ ಡೆಸ್ಕು ಮತ್ತು ಬೆಂಚನ್ನು ಜೋಡಿಯಾಗಿ ಒಂದು ಎಂದು, ಇನ್ನೊಂದರಲ್ಲಿ ಬಿಡಿಬಿಡಿಯಾಗಿ ಎರಡು ಎಂದು ಬರೆದಿರುವುದು ತೀರ ಸಾಮಾನ್ಯ. ಹತ್ತು ಜೋಡಿಗಳು ಇಪ್ಪತ್ತು ಡೆಸ್ಕುಗಳಾಗಿ ಜಮಾ ಆಗಿದ್ದರೆ ಹತ್ತಿರ ಹತ್ತಿರ ಅರ್ಧ ಕೊರತೆಗೆ ಅಲ್ಲಿಯೇ ಉತ್ತರ ಸಿಕ್ಕಿತು. ನಲಿ-ಕಲಿ ತರಗತಿಯ ದುಂಡು ಮೇಜುಗಳನ್ನು ಡೆಸ್ಕಿನ ಪುಟದಲ್ಲಿಯೇ ಏರಿಸಿರುವುದೂ ಉಂಟು. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯಕ್ಕೆ ಹಬ್ಬಿದ, ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ. ಅದರ ಕಾರ್ಡುಗಳು, ಕಲಿಕಾ ಏಣಿ, ಕುಳ್ಳು ಕುರ್ಚಿ ಮತ್ತು ಮೇಜುಗಳಿಗೆ ಬೇರೆಯೇ ಪುಟ ಬೇಕು. ಆನಂತರ ಮುರಿದ ವಸ್ತುಗಳ ಕೊಠಡಿಯಲ್ಲಿರುವ ಚೌಕಟ್ಟುಗಳನ್ನು ಎಣಿಸಿ. ಹಲಗೆ ಇಲ್ಲದಿದ್ದರೂ ಒಂದು ಚೌಕಟ್ಟು ಎಂದರೆ ವಹಿಯ ಪಾಲಿಗೆ ಒಂದು ಡೆಸ್ಕು.

ಅದಾದ ಮೇಲೂ ಉಳಿಯುವ ಕೊರತೆಗೆ ಊರಿನೊಳಗೆ ಹುಡುಕಬೇಕು. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೊತ್ತಿಗೆ ಪರೀಕ್ಷಾ ಕೇಂದ್ರಕ್ಕೆ ಡೆಸ್ಕು ಸಾಲದೆ ಸುತ್ತಲಿನ ಶಾಲೆಗಳಿಂದ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುತ್ತಾರೆ. ಹೋಗುವಾಗ ಇರುವ ಆತುರ ಹಿಂದಕ್ಕೆ ತರುವಾಗ ಇರುವುದಿಲ್ಲ. ನಾಲ್ಕು ಶಾಲೆಗಳ ಡೆಸ್ಕುಗಳು ಒಂದೇ ಕಡೆ ಸೇರಿದಾಗ ನಮ್ಮ ಹೊಸವು ಅಲ್ಲಿಯೇ ಉಳಿದು ಯಾರದೋ ಹಳೆಯವು ನಮ್ಮಲ್ಲಿಗೆ ಬರುವುದೂ ಇದೆ. ಚುನಾವಣೆಯ ಮತಗಟ್ಟೆ, ಅಂಗನವಾಡಿ, ಗ್ರಾಮ ಪಂಚಾಯಿತಿಯ ಸಭೆ, ಊರ ಹಬ್ಬ, ಮದುವೆ ಇವೆಲ್ಲಕ್ಕೂ ಶಾಲೆಯ ಬೆಂಚು, ಜಮಖಾನ, ಅಡುಗೆಯ ಪಾತ್ರೆ ಹೋಗುತ್ತವೆ. ಹಳ್ಳಿಯಲ್ಲಿ ಇದನ್ನು ಪೂರ್ತಿ ನಿಲ್ಲಿಸುವುದು ಕಷ್ಟ. ಊರಿನವರು ಶಾಲೆಗೆ ಮಾಡಿದ ಉಪಕಾರವೂ ಇರುತ್ತದೆ. ಆದರೆ ಒಂದು ಎರವಲು ವಹಿ ಇಡಿ. ಯಾರು, ಏನು, ಎಷ್ಟು, ಯಾವ ಸ್ಥಿತಿಯಲ್ಲಿ ಕೊಂಡೊಯ್ದರು, ಯಾವ ದಿನ ತಂದರು ಎಂಬುದಕ್ಕೆ ಸಹಿ ಇರಲಿ. ಇಲಾಖೆಯ ಕೆಲಸಕ್ಕೆ ಹೋಗುವುದಾದರೂ ಪತ್ರ ಇಲ್ಲದೆ ಕಳುಹಿಸಬೇಡಿ.

ಇಲ್ಲಿ ಹಿಂದಿನ ಮುಖ್ಯ ಶಿಕ್ಷಕರನ್ನು ಮರೆಯಬಾರದು. ಅವರನ್ನು ಆರೋಪಿಯಂತೆ ನೋಡದೆ, ಶಾಲೆಗೆ ಕರೆದು, ಕೂರಿಸಿ, ಹಾಳೆಗಳನ್ನು ಮುಂದಿಟ್ಟು ಕೇಳಿ. 'ಆ ಎಂಟು ಡೆಸ್ಕು ಹೈಸ್ಕೂಲಿಗೆ ಹೋಗಿದ್ದವು, ಪತ್ರ ಆ ಕಡತದಲ್ಲಿದೆ' ಎಂಬಂಥ ಒಂದು ಮಾತಿನಿಂದ ಬಗೆಹರಿಯುವ ವ್ಯತ್ಯಾಸಗಳು ಬಹಳ. ಅವರಿಗೂ ಇದು ಅಗತ್ಯವೇ, ಏಕೆಂದರೆ ಬೇಬಾಕಿ ಪತ್ರ, ಅಂದರೆ ಯಾವ ಬಾಕಿಯೂ ಇಲ್ಲವೆಂಬ ಪ್ರಮಾಣಪತ್ರ, ಸಿಗಬೇಕಾದರೆ ಪ್ರಭಾರ ಹಸ್ತಾಂತರ ಪೂರ್ಣವಾಗಬೇಕು. ಅವರ ಅವಧಿಯಲ್ಲಿ ಉಂಟಾದ ಕೊರತೆಗೆ ಅವರ ವಿವರಣೆಯನ್ನು ಬರವಣಿಗೆಯಲ್ಲಿ ಪಡೆದು ವ್ಯತ್ಯಾಸ ಪಟ್ಟಿಗೆ ಸೇರಿಸಿ ಕಳುಹಿಸಿದರೆ ತಮ್ಮ ಕರ್ತವ್ಯ ಮುಗಿಯಿತು. ಹೊಣೆಯನ್ನು ನಿಗದಿ ಮಾಡುವುದು ಮೇಲಧಿಕಾರಿಗಳ ಕೆಲಸ, ತಮ್ಮದಲ್ಲ. ಕಳ್ಳತನವಾಗಿದ್ದರೆ ಮಾತ್ರ ದಾರಿ ಬೇರೆ. ರಜೆಯಲ್ಲಿ ಅಡುಗೆ ಕೋಣೆಯ ಬೀಗ ಒಡೆದು ಸಿಲಿಂಡರ್ ಒಯ್ದರೆ ಅದೇ ದಿನ ಪೊಲೀಸ್ ಠಾಣೆಗೆ ದೂರು ಕೊಟ್ಟು ಪ್ರಥಮ ವರ್ತಮಾನ ವರದಿಯ ಪ್ರತಿ ಪಡೆಯಬೇಕು. ಆ ಪ್ರತಿ ಇಲ್ಲದೆ ಮುಂದೆ ಆ ವಸ್ತುವನ್ನು ವಹಿಯಿಂದ ತೆಗೆಯುವುದು ಬಹಳ ಕಷ್ಟ.

ಹಳೆಯ ವಹಿಯನ್ನು ಬದಿಗಿಡುವ ಯೋಚನೆಯನ್ನು ದಯವಿಟ್ಟು ಬಿಡಿ. ಅದು ಎಷ್ಟೇ ಗೊಂದಲದಿಂದ ಕೂಡಿದ್ದರೂ ಶಾಲೆಯ ಆಸ್ತಿಗೆ ಇರುವ ಮೂಲ ದಾಖಲೆ ಅದೇ. ಅದರಲ್ಲಿ ವೈಟ್ನರ್ ಹಚ್ಚುವುದು, ಹಾಳೆ ಹರಿಯುವುದು, ಹಿಂದಿನ ದಿನಾಂಕ ಹಾಕಿ ಬರೆಯುವುದು ಕೂಡದು. ತಪ್ಪು ಅಂಕಿಯ ಮೇಲೆ ಒಂದೇ ಗೆರೆ ಎಳೆದು, ಹಳೆಯದು ಓದುವಂತೆಯೇ ಉಳಿಸಿ, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಮಾಡಬೇಕು. ವಹಿ ತುಂಬಿದ್ದರೆ, ಅಥವಾ ಸೀಮೆಸುಣ್ಣದಿಂದ ಸ್ಟೀಲ್ ಬೀರುವಿನ ತನಕ ಎಲ್ಲವೂ ಒಂದರಲ್ಲೇ ಬೆರೆತಿದ್ದರೆ, ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ನಿರ್ಣಯ ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತಂದು ಹೊಸ ವಹಿ ತೆರೆಯಬಹುದು. ಹೊಸದರ ಪುಟಗಳಿಗೆಲ್ಲ ಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ಒಟ್ಟು ಇಷ್ಟು ಪುಟಗಳಿವೆ ಎಂದು ದೃಢೀಕರಿಸಬೇಕು. ಆರಂಭಿಕ ಶಿಲ್ಕು (ಆರಂಭದ ಉಳಿಕೆ) ಎಂದು ಬರೆಯುವುದು ತಪಾಸಣೆಯಲ್ಲಿ ಕಂಡ ಸಂಖ್ಯೆಯನ್ನು. ಹಳೆಯ ವಹಿಯ ಯಾವ ಪುಟದಿಂದ ಬಂದದ್ದು, ಇತ್ಯರ್ಥವಾಗದ ವ್ಯತ್ಯಾಸ ಎಷ್ಟು ಎಂಬುದು ಷರಾ ಕಾಲಮ್ಮಿನಲ್ಲಿರಬೇಕು. ಜಡವಸ್ತು (ಸ್ಥಿರವಾಗಿ ಉಳಿಯುವ ವಸ್ತು), ಖಾಲಿಯಾಗುವ ವಸ್ತು, ಗ್ರಂಥಾಲಯ, ಅಡುಗೆಯ ಪಾತ್ರೆ ಇವು ನಾಲ್ಕನ್ನಾದರೂ ಬೇರ್ಪಡಿಸಿ. ಅಕ್ಷರ ದಾಸೋಹದ ಅಕ್ಕಿ, ಬೇಳೆ, ಎಣ್ಣೆಯ ದೈನಂದಿನ ಲೆಕ್ಕ ಹೇಗೂ ಬೇರೆಯೇ ಇರುತ್ತದೆ. ಕುಕ್ಕರ್, ಕೊಳಗ, ಸೌಟು, ತಟ್ಟೆ, ಲೋಟಗಳಿಗೆ ಮಾತ್ರ ಬಹಳ ಕಡೆ ವಹಿಯೇ ಇರುವುದಿಲ್ಲ.

ಇನ್ನು ಮುಂದೆ ಒಂದು ಅಭ್ಯಾಸವನ್ನು ಬಿಡದೆ ಪಾಲಿಸಿ. ಯಾವ ಬಿಲ್ಲಿಗೆ ಹಣ ಕೊಡುವ ಮೊದಲೂ ಆ ಬಿಲ್ಲಿನ ಮೇಲೆ 'ದಾಸ್ತಾನು ವಹಿಯ ಪುಟ ಸಂಖ್ಯೆ ಇಂತಿಷ್ಟು, ಕ್ರಮ ಸಂಖ್ಯೆ ಇಂತಿಷ್ಟರಲ್ಲಿ ಜಮಾ ತೆಗೆದುಕೊಳ್ಳಲಾಗಿದೆ' ಎಂದು ಬರೆದು ಸಹಿ ಹಾಕಬೇಕು. ನಗದು ಪುಸ್ತಕಕ್ಕೂ ದಾಸ್ತಾನು ವಹಿಗೂ ನಡುವಿನ ಕೊಂಡಿ ಅದೊಂದೇ. ಇದೇ ಕೊಂಡಿಯನ್ನು ಹಿಡಿದು ಹಿಂದಕ್ಕೂ ಹೋಗಬಹುದು: ಕಳೆದ ಕೆಲವು ವರ್ಷಗಳ ವೋಚರುಗಳನ್ನು ತೆಗೆದು, ಯಾವ ಖರೀದಿ ವಹಿಗೆ ಏರಿಲ್ಲ ಎಂದು ಗುರುತಿಸಿದರೆ ಕೊಠಡಿಯಲ್ಲಿರುವ ಅನಾಮಧೇಯ ವಸ್ತುಗಳಲ್ಲಿ ಹಲವಕ್ಕೆ ಮೂಲ ಸಿಗುತ್ತದೆ.

ಗುರುತಿನ ಸಂಖ್ಯೆಯ ವಿಚಾರದಲ್ಲಿ ಸ್ಟಿಕ್ಕರುಗಳನ್ನು ನಂಬಬೇಡಿ, ಮಕ್ಕಳ ಉಗುರಿಗೆ ಅವು ಒಂದು ವಾರವೂ ನಿಲ್ಲುವುದಿಲ್ಲ. ತಗಡಿನಲ್ಲಿ ಅಚ್ಚು ಕತ್ತರಿಸಿ ಎನಾಮಲ್ ಬಣ್ಣದಲ್ಲಿ ಬರೆಸಿ, ಅದೂ ಡೆಸ್ಕಿನ ಮೇಲ್ಭಾಗದಲ್ಲಲ್ಲ, ಹಿಂಬದಿಯ ಪಟ್ಟಿಯ ಮೇಲೆ. ನಮ್ಮ ಶಾಲೆಗಳ ಯು-ಡೈಸ್ ಸಂಖ್ಯೆ, ಅಂದರೆ ದೇಶದ ಪ್ರತಿ ಶಾಲೆಗೂ ಕೊಡುವ ಗುರುತಿನ ಸಂಖ್ಯೆ, 29ರಿಂದ ಆರಂಭವಾಗುವ 11 ಅಂಕಿಗಳದು; ಅದರ ಕೊನೆಯ ಐದು ಅಂಕಿಗಳು ಊರು ಮತ್ತು ಶಾಲೆಯನ್ನು ಸೂಚಿಸುತ್ತವೆ. ಆ ಐದು ಅಂಕಿ, ವಸ್ತುವಿನ ಮೊದಲ ಅಕ್ಷರ, ಕ್ರಮ ಸಂಖ್ಯೆ ಇಷ್ಟಿದ್ದರೆ ಪರೀಕ್ಷಾ ಕೇಂದ್ರದ ರಾಶಿಯಲ್ಲಿಯೂ ತಾಲ್ಲೂಕಿನೊಳಗೆ ತಮ್ಮ ಡೆಸ್ಕು ತಮ್ಮದೆಂದು ಗೊತ್ತಾಗುತ್ತದೆ. ಸ್ಟೀಲ್ ಪಾತ್ರೆಗಳಿಗೆ, ಮನೆಗೆ ಕೊಳ್ಳುವಾಗ ಮಾಡಿಸುವಂತೆಯೇ, ಪಾತ್ರೆ ಅಂಗಡಿಯಲ್ಲಿಯೇ ಶಾಲೆಯ ಹೆಸರು ಕೆತ್ತಿಸಿಕೊಂಡು ಬನ್ನಿ. ಪ್ರತಿ ಕೊಠಡಿಯ ಬಾಗಿಲ ಹಿಂದೆ ಆ ಕೊಠಡಿಯ ವಸ್ತುಗಳ ಪಟ್ಟಿಯನ್ನು ಅಂಟಿಸಿ, ತರಗತಿ ಶಿಕ್ಷಕರ ಸಹಿ ಹಾಕಿಸಿ. ಏಳನೇ ತರಗತಿಯ ಮಕ್ಕಳು ತಿಂಗಳಿಗೊಮ್ಮೆ ಆ ಪಟ್ಟಿ ನೋಡಿ ಎಣಿಸಿ ಹೇಳುವಂತೆ ಮಾಡಿದರೆ, ಮುಂದಿನ ವರ್ಷದ ತಪಾಸಣೆ ಅರ್ಧ ಹಗುರವಾಗುತ್ತದೆ.

ಕೊಡುಗೆಯಾಗಿ ಬಂದ ವಸ್ತುಗಳನ್ನು ಬಿಲ್ಲು ಇಲ್ಲವೆಂಬ ಕಾರಣಕ್ಕೆ ಹೊರಗಿಡಬೇಡಿ. ದಾನಿಯ ಹೆಸರು, ಬಂದ ದಿನಾಂಕ, ತಯಾರಕರ ಕ್ರಮ ಸಂಖ್ಯೆ, ಪೇಟೆಯಲ್ಲಿ ವಿಚಾರಿಸಿ ಹಾಕಿದ ಅಂದಾಜು ಬೆಲೆ ಇವನ್ನು ಬರೆದು, ಎಸ್‌ಡಿಎಂಸಿಯಲ್ಲಿ ಸ್ವೀಕಾರದ ನಿರ್ಣಯ ಮಾಡಿ, ಜಮಾ ತೆಗೆದುಕೊಳ್ಳಿ. ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ ಬಿಲ್ಲಿನ ಪ್ರತಿ ಮತ್ತು ವಾರಂಟಿ ಕಾರ್ಡು ಸಿಗಲೂಬಹುದು. ನಿಮ್ಮ ಬೀರು ವಹಿಯ ಇಂಥ ಪುಟದಲ್ಲಿದೆ ಎಂದು ತಿಳಿಸುವ ಒಂದು ಪತ್ರ ಅವರಿಗೆ ಹೋದರೆ, ಕೊಟ್ಟವರಿಗೆ ತಮ್ಮ ವಸ್ತು ಜೋಪಾನವಾಗಿದೆ ಎಂಬ ನೆಮ್ಮದಿ. ಸಂಸ್ಥೆಗಳು ಕೊಟ್ಟ ಟ್ಯಾಬ್ಲೆಟ್, ಪ್ರೊಜೆಕ್ಟರುಗಳಲ್ಲಿ ಒಂದು ಎಚ್ಚರ ಬೇಕು: ಅವು ದಾನವೋ ಅಥವಾ ಯೋಜನೆ ಮುಗಿಯುವ ತನಕ ಬಳಕೆಗೆ ಕೊಟ್ಟವೋ ಎಂದು ಒಪ್ಪಂದದ ಪತ್ರ ಓದಿ ತಿಳಿಯಿರಿ. ಎರಡನೆಯದಾದರೆ ವಹಿಯಲ್ಲಿ ಪ್ರತ್ಯೇಕವಾಗಿ ತೋರಿಸಬೇಕು.

ಈಗ ಬೀಗ ಹಾಕಿದ ಆ ಕೊಠಡಿ. ಇದಕ್ಕೆ ತಾವು ಹೆಚ್ಚು ಸಮಯ ಕೊಡಬೇಕು. ಮೊದಲ ಕೆಲಸ, ನಿರುಪಯುಕ್ತದ ರಾಶಿಯಿಂದ ಬಳಸಬಹುದಾದದ್ದನ್ನು ಬೇರ್ಪಡಿಸುವುದು. ಬಡಗಿ ಮತ್ತು ವೆಲ್ಡಿಂಗ್ ಕೆಲಸದವರನ್ನು ಒಟ್ಟಿಗೆ ಕರೆಸಿ ತೋರಿಸಿ. ಒಂದರ ಹಲಗೆ, ಇನ್ನೊಂದರ ಚೌಕಟ್ಟು ಸೇರಿಸಿ ಮೂರು ಮುರುಕು ಡೆಸ್ಕುಗಳಿಂದ ಎರಡು ಗಟ್ಟಿ ಡೆಸ್ಕುಗಳನ್ನು ಮಾಡಿಕೊಳ್ಳಲು ಎಷ್ಟೋ ಸಲ ಸಾಧ್ಯವಾಗುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನ ಇರುವುದೇ ಕೆಟ್ಟ ಉಪಕರಣಗಳ ಬದಲಾವಣೆ, ನಿರ್ವಹಣೆ ಮತ್ತು ದುರಸ್ತಿಯಂಥ ಖರ್ಚುಗಳಿಗೆ. ಯೋಜನೆಯ ಮಾರ್ಗಸೂಚಿಯಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ, 101ರಿಂದ 250 ಮಕ್ಕಳಿದ್ದರೆ 50,000 ರೂಪಾಯಿ ಮಿತಿಯಿದ್ದು, ಅದರಲ್ಲಿ ಕನಿಷ್ಠ ಶೇ 10 ಭಾಗ ಸ್ವಚ್ಛತೆಗೆ ಮೀಸಲು. ಹೊಸ ಡೆಸ್ಕಿಗಾಗಿ ಕಾಯುವುದಕ್ಕಿಂತ ಈ ಹಣದಲ್ಲಿ ಹಳೆಯದನ್ನು ಎಬ್ಬಿಸುವುದು ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೀಗೆ ಮಾಡಿದಾಗ ವಹಿಯಲ್ಲಿ ಮೂರು ಡೆಸ್ಕು ಖರ್ಚು, ಎರಡು ಡೆಸ್ಕು ಜಮಾ ಎಂದು ನಿರ್ಣಯದ ಸಂಖ್ಯೆಯೊಂದಿಗೆ ಬರೆಯಬೇಕು.

ಉಳಿದದ್ದಕ್ಕೆ ವಿಲೇವಾರಿಯ ಪಟ್ಟಿ ತಯಾರಿಸಿ. ವಸ್ತುವಿನ ಹೆಸರು, ವಹಿಯ ಪುಟ, ಖರೀದಿಯ ವರ್ಷ ಮತ್ತು ಬೆಲೆ, ಈಗಿನ ಸ್ಥಿತಿ, ದುರಸ್ತಿ ಏಕೆ ಸಾಧ್ಯವಿಲ್ಲ ಎಂಬ ಕಾರಣ, ಅಂದಾಜು ಗುಜರಿ ಬೆಲೆ ಇವೆಲ್ಲ ಅದರಲ್ಲಿರಬೇಕು, ಚಿತ್ರಗಳೂ ಇರಲಿ. ಎಸ್‌ಡಿಎಂಸಿ ನಿರ್ಣಯದೊಂದಿಗೆ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಲ್ಲಿಸಿ, ಮೌಲ್ಯಕ್ಕೆ ತಕ್ಕ ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿ ಬಂದ ಮೇಲೆಯೇ ಹರಾಜು. ಹರಾಜಿನ ಪ್ರಕಟಣೆಯನ್ನು ಶಾಲೆಯಲ್ಲಿ, ಪಂಚಾಯಿತಿಯಲ್ಲಿ ಹಚ್ಚಿ, ಬಂದವರ ಬೆಲೆಗಳನ್ನು ಬರೆದು, ಬಂದ ಹಣವನ್ನು ಆದೇಶದಲ್ಲಿ ಹೇಳಿದ ಖಾತೆಗೆ ಕಟ್ಟಿ, ರಸೀದಿಯ ಸಂಖ್ಯೆಯನ್ನು ವಹಿಯ ಖರ್ಚಿನ ಕಾಲಮ್ಮಿನಲ್ಲಿ ನಮೂದಿಸಿದಾಗ ಮಾತ್ರ ಆ ಡೆಸ್ಕು ಲೆಕ್ಕದಿಂದ ಹೊರಗೆ ಹೋಯಿತು ಎಂದರ್ಥ. ಅನುಮತಿ ತಡವಾದರೆ ನೆನಪಿನ ಪತ್ರಗಳನ್ನು ಬರೆಯುತ್ತಾ ಇರಿ. ಬೇಸತ್ತು ಗುಜರಿ ಗಾಡಿಯನ್ನು ಕರೆದು ಕೊಟ್ಟುಬಿಡುವುದು, ಮುರಿದ ಬೆಂಚನ್ನು ಬಿಸಿಯೂಟದ ಒಲೆಗೆ ಹಾಕುವುದು ಎಷ್ಟೇ ಸದುದ್ದೇಶದ್ದಾದರೂ ನಂತರ ಸಮರ್ಥಿಸಿಕೊಳ್ಳಲಾಗದ ಕೆಲಸ.

ಕಬ್ಬಿಣವನ್ನೂ ಮರವನ್ನೂ ಒಂದೇ ರಾಶಿಯಾಗಿ ಹರಾಜು ಹಾಕಬೇಡಿ ಎಂದು ಒತ್ತಿ ಹೇಳುತ್ತೇನೆ. ಮೈಸೂರು ಮತ್ತು ಮಂಡ್ಯದ ಹಳೆಯ ಶಾಲೆಗಳಲ್ಲಿ ತೇಗದ ಬೆಂಚುಗಳು, ಬೀಟೆಯ ಮೇಜುಗಳು ಇನ್ನೂ ಇವೆ. ಬಣ್ಣ ಹಚ್ಚಿ ಹಚ್ಚಿ ಮರ ಯಾವುದೆಂದು ಕಾಣದಂತಾಗಿರುತ್ತದೆ. ಕೆಳಗಡೆ ಒಂದು ಅಂಗುಲ ಜಾಗವನ್ನು ಉಜ್ಜಿ ಬಡಗಿಗೆ ತೋರಿಸಿದರೆ ಅವರು ಹೇಳಿಬಿಡುತ್ತಾರೆ. ಅಂಥದನ್ನು ಸೌದೆಯ ಬೆಲೆಗೆ ಕೊಟ್ಟರೆ ಶಾಲೆಗೆ ಆಗುವ ನಷ್ಟ ಹಣದ್ದು ಮಾತ್ರವಲ್ಲ. ಹಳೆಯ ಗೋಡೆ ಗಡಿಯಾರ, ಹಿತ್ತಾಳೆಯ ಗಂಟೆ, ಬಟ್ಟೆಗೆ ಅಂಟಿಸಿದ ಭೂಪಟ, ಶಾಲೆ ಆರಂಭವಾದ ಕಾಲದ ದಾಖಲಾತಿ ವಹಿ ಇವುಗಳನ್ನು ವಿಲೇವಾರಿ ಪಟ್ಟಿಗೆ ಸೇರಿಸದೆ, ಐತಿಹಾಸಿಕ ಮೌಲ್ಯದ ವಸ್ತುಗಳ ಪುಟಕ್ಕೆ ಏರಿಸಿ. ಹಳೆಯ ಹೆಂಚಿನ ಕಟ್ಟಡವನ್ನು ಕೆಡವುವ ಪ್ರಸಂಗ ಬಂದರೂ ಹೀಗೆಯೇ: ಮಂಗಳೂರು ಹೆಂಚು, ತೊಲೆ, ಬಾಗಿಲು, ಕಿಟಕಿಗಳೂ ಶಾಲೆಯ ಆಸ್ತಿ, ಗುತ್ತಿಗೆದಾರರದ್ದಲ್ಲ. ಕೆಡವುವ ಮೊದಲೇ ಎಣಿಸಿ ಬರೆದಿಡಬೇಕು.

ಕೆಟ್ಟ ಕಂಪ್ಯೂಟರುಗಳನ್ನು ಸಾಮಾನ್ಯ ಗುಜರಿಯವರಿಗೆ ಕೊಡುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಉದ್ದೇಶವೇ ಅವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕೆಂಬುದು. ಒಂದು ಶಾಲೆಯ ನಾಲ್ಕಾರು ಯಂತ್ರಗಳಿಗೆ ಯಾರೂ ಬರುವುದಿಲ್ಲವಾದ್ದರಿಂದ, ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಅಥವಾ ತಾಲ್ಲೂಕು ಮಟ್ಟದಲ್ಲಿ ಒಟ್ಟುಗೂಡಿಸಿ ಕಳುಹಿಸಲು ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕೋರಿ. ಅದಕ್ಕೆ ಮೊದಲು ಹಾರ್ಡ್ ಡಿಸ್ಕುಗಳಲ್ಲಿ ಮಕ್ಕಳ ಹೆಸರು, ಜಾತಿ, ಆಧಾರ್, ಬ್ಯಾಂಕ್ ಖಾತೆಯ ವಿವರಗಳು ಉಳಿದಿರಬಹುದಾದ್ದರಿಂದ ಅವನ್ನು ಅಳಿಸಿಸಬೇಕು. ಯುಪಿಎಸ್‌ನ ಹಳೆಯ ಬ್ಯಾಟರಿಗಳನ್ನು ಇಂದೇ ಆ ಕೊಠಡಿಯಿಂದ ಬೇರ್ಪಡಿಸಿ, ಗಾಳಿಯಾಡುವ, ಮಕ್ಕಳ ಕೈಗೆ ಎಟುಕದ ಕಡೆ ನೇರವಾಗಿ ನಿಲ್ಲಿಸಿಡಿ. ಉಬ್ಬಿದ ಬ್ಯಾಟರಿಯಿಂದ ಆಮ್ಲ ಸೋರಿದರೆ ಅಪಾಯ.

ಗ್ರಂಥಾಲಯದ ಬಗ್ಗೆ ಒಂದೆರಡು ಮಾತು ಸಾಕು. ಮೊದಲು ಹೇಳಿದ ಕೇಂದ್ರದ ಹಣಕಾಸು ನಿಯಮಗಳು 20,000ಕ್ಕೆ ಮೀರದ ಪುಸ್ತಕಗಳಿರುವ ಗ್ರಂಥಾಲಯಕ್ಕೆ ಪ್ರತಿ ವರ್ಷ ಪೂರ್ಣ ತಪಾಸಣೆ ಹೇಳುತ್ತವೆ; ಜೊತೆಗೆ, ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಗಳಿಗೆ ಐದರಷ್ಟು ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಸಹಜವೆಂದು ಒಪ್ಪುತ್ತವೆ. ಈ ಔದಾರ್ಯವನ್ನು ಶಿಕ್ಷಕರು ತಿಳಿದಿರಬೇಕು. ಒಂದು ಪುಸ್ತಕ ಕಳೆದೀತೆಂಬ ಹೆದರಿಕೆಯಿಂದ ಬೀರುವಿಗೆ ಬೀಗ ಹಾಕಿ, ಲೆಕ್ಕ ಸರಿಯಿದೆ ಎಂದು ಸಮಾಧಾನಪಡುವ ಶಾಲೆಗಳು ನನಗೆ ಬಹಳ ನೋವುಂಟುಮಾಡುತ್ತವೆ.

ಕೊನೆಯದಾಗಿ, ತಾವು ಕೇಳದಿದ್ದರೂ ಹೇಳಲೇಬೇಕಾದದ್ದು ಜಾಗದ ವಿಚಾರ. ಶಾಲೆಯ ಅತಿ ಬೆಲೆಬಾಳುವ ಆಸ್ತಿ ಅದು ನಿಂತಿರುವ ನೆಲ, ಆದರೆ ಬಹುತೇಕ ವಹಿಗಳಲ್ಲಿ ಅದರ ಉಲ್ಲೇಖವೇ ಇರುವುದಿಲ್ಲ. ಊರ ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗದಲ್ಲಿ ಕಟ್ಟಿದ ಶಾಲೆಗಳು ಈ ಭಾಗದಲ್ಲಿ ಹೇರಳ. ನೆಲದ ಬೆಲೆ ಏರಿದಂತೆ, ಕೊಟ್ಟವರ ಮೊಮ್ಮಕ್ಕಳು ಪಹಣಿ ಹಿಡಿದು ಬರುವ ಪ್ರಸಂಗಗಳೂ ಇವೆ. ಪಹಣಿ ಯಾರ ಹೆಸರಿನಲ್ಲಿದೆ, ನೋಂದಾಯಿತ ದಾನಪತ್ರ ಇದೆಯೇ, ಗ್ರಾಮಠಾಣಾ (ಊರಿನ ವಾಸದ ನೆಲೆಯ) ಜಾಗವಾದರೆ ಪಂಚಾಯಿತಿಯಲ್ಲಿ ಇ-ಸ್ವತ್ತು, ಅಂದರೆ ಗಣಕೀಕೃತ ಆಸ್ತಿ ದಾಖಲೆ, ಶಾಲೆಯ ಹೆಸರಿಗೆ ಆಗಿದೆಯೇ ಎಂದು ವಿಚಾರಿಸಿ, ಇಲ್ಲವಾದರೆ ಭೂಮಾಪನ ಇಲಾಖೆಗೆ ಅರ್ಜಿ ಹಾಕಿ ಅಳತೆ ಮಾಡಿಸಿ ಹದ್ದುಗಲ್ಲು ನೆಡಿಸಿ. ಆವರಣದ ತೆಂಗು, ಹೊಂಗೆ, ಬೇವು, ತೇಗದ ಮರಗಳನ್ನೂ ಎಣಿಸಿ ಬರೆಯಿರಿ. ಒಣಗಿದ ಮರವಾದರೂ ಕಡಿಸುವ ಮುನ್ನ ಅರಣ್ಯ ಇಲಾಖೆಯನ್ನು ಕೇಳಿ; ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರಂತೆ, ಕೆಲವು ಜಾತಿಗಳನ್ನು ಬಿಟ್ಟು, ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ.

ಕಂಪ್ಯೂಟರಿನ ಪಟ್ಟಿಯ ಬಗ್ಗೆ ತಮ್ಮ ಪ್ರಶ್ನೆಗೆ ಉತ್ತರ ಇಷ್ಟು: ಖಂಡಿತವಾಗಿ ಮಾಡಿ, ಆದರೆ ವಹಿಯ ಬದಲಿಗೆ ಅಲ್ಲ, ವಹಿಯ ಜೊತೆಗೆ. ಕೊಠಡಿವಾರು ಹುಡುಕಲು, ಯು-ಡೈಸ್ ಮಾಹಿತಿ ತುಂಬಲು, ವಿಲೇವಾರಿ ಪಟ್ಟಿ ತೆಗೆಯಲು ಅದು ಬಹಳ ಅನುಕೂಲ. ವಹಿಯ ಪುಟ ಸಂಖ್ಯೆಗೆ ಅದರಲ್ಲಿ ಒಂದು ಕಾಲಮ್ಮು ಕಡ್ಡಾಯವಾಗಿ ಇರಲಿ. ಪ್ರತಿ ವರ್ಷ ಮಾರ್ಚ್ 31ರ ಸ್ಥಿತಿಯಂತೆ, ಬೇಸಿಗೆ ರಜೆಗೆ ಶಾಲೆ ಮುಚ್ಚುವ ಮುನ್ನ ಮರು ಎಣಿಕೆ ಮಾಡಿ, ಪಟ್ಟಿಯನ್ನು ಮುದ್ರಿಸಿ, ಎಣಿಸಿದವರ ಮತ್ತು ತಮ್ಮ ಸಹಿಯೊಂದಿಗೆ ವಹಿಗೆ ಅಂಟಿಸಿ, ಒಂದು ಪ್ರತಿಯನ್ನು ಎಸ್‌ಡಿಎಂಸಿ ಅಧ್ಯಕ್ಷರಿಗೆ ಕೊಡಿ. ಈ ವರ್ಷ ಪ್ರಭಾರಕ್ಕಾಗಿ ಮಾಡುವ ಎಣಿಕೆಯ ಹಾಳೆಗಳನ್ನೂ ಅದೇ ಕಡತದಲ್ಲಿ ಮೊದಲ ಕಾಗದವಾಗಿ ಇಡಿ.